‘ಕಟ್ಟು’ ಎಂಬ ಕಿರುಶಬ್ದದ ನಾನಾರ್ಥ: ಗೌಡಗೆರೆ ಸೀಮೆಯ ಪ್ರಯೋಗಗಳನ್ನು ಕುರಿತು ಒಂದು ವಿವೇಚನೆ

೧

ಇಂಗ್ಲಿಷ್ ಭಾಷೆಯನ್ನು ಕಲಿಯುವ ನಮ್ಮ ವಿದ್ಯಾರ್ಥಿಗಳಿಗೆ ತೊಡಕನ್ನುಂಟುಮಾಡುವವು ಆ ಭಾಷೆಯ ಉದ್ದನೆಯ ಶಬ್ದಗಳಲ್ಲ, ಮೂರು ನಾಲ್ಕು ಅಕ್ಷರಗಳ ಕಿರುಶಬ್ದಗಳು. ದೀರ್ಘವಾದ ಪಾರಿಭಾಷಿಕ ಪದಕ್ಕೆ ಸಾಮಾನ್ಯವಾಗಿ ಒಂದೇ ಅರ್ಥವಿರುವುದರಿಂದ ನಿಘಂಟನ್ನು ಒಮ್ಮೆ ತೆರೆದರೆ ಸಂದೇಹವು ತೀರುತ್ತದೆ. ‘ಸೆಟ್’, ‘ರನ್’, ‘ಪುಟ್’, ‘ಟೇಕ್’ ಮೊದಲಾದವುಗಳ ವಿಷಯದಲ್ಲಾದರೋ ನಿಘಂಟನ್ನು ತೆರೆದಷ್ಟೂ ಸಂದೇಹವು ಬೆಳೆಯುತ್ತದೆ. ೧೯೮೯ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ನಮೂದು ‘ಸೆಟ್’ ಎಂಬ ಕ್ರಿಯಾಪದದ್ದು. ಅದರ ವಿವರಣೆಗೆ ಸುಮಾರು ೬೦,೦೦೦ ಶಬ್ದಗಳು ಬೇಕಾದವು. ಕೇವಲ ಆ ಕ್ರಿಯಾಪದಕ್ಕೇ ಸುಮಾರು ೪೩೦ ಅರ್ಥಭೇದಗಳನ್ನು ಅಲ್ಲಿ ಎಣಿಸಲಾಗಿದೆ. ಅದೇ ನಿಘಂಟಿನ ಪರಿಷ್ಕರಣ ಕಾರ್ಯದಲ್ಲಿ ೨೦೧೧ರಲ್ಲಿ ಸಿದ್ಧವಾದ ‘ರನ್’ ಎಂಬ ಕ್ರಿಯಾಪದದ ನಮೂದು ೬೪೫ ಅರ್ಥಭೇದಗಳನ್ನು ಗುರುತಿಸಿ, ಸೆಟ್ಟಿನ ಹಿರಿಮೆಯನ್ನೂ ಹಿಂದಿಕ್ಕಿತು.

ಈ ಅಂಕಿಗಳನ್ನು ಕೇಳಿದ ವಿದ್ಯಾರ್ಥಿಯ ಮನಸ್ಸಿನಲ್ಲಿ ಎರಡು ಭಾವನೆಗಳು ಮೂಡುವುದುಂಟು. ಇಂಗ್ಲಿಷ್ ಎಂಬುದು ಅಂಕೆಯಿಲ್ಲದ ಭಾಷೆ, ಅದನ್ನು ಬಾಯಿಪಾಠ ಮಾಡುವುದರ ಹೊರತು ಗತ್ಯಂತರವಿಲ್ಲ ಎಂಬುದು ಮೊದಲನೆಯದು. ತನ್ನ ಮನೆಯ ಮಾತು ಸರಳವಾದುದು, ಅದರಲ್ಲಿ ಒಂದು ಶಬ್ದಕ್ಕೆ ಒಂದು ಅರ್ಥ, ಆದಕಾರಣ ಅದನ್ನು ಕುರಿತು ವಿಚಾರ ಮಾಡತಕ್ಕದ್ದು ಏನೂ ಇಲ್ಲ ಎಂಬುದು ಎರಡನೆಯದು. ಇವೆರಡೂ ಸರಿಯಲ್ಲ. ಮೊದಲನೆಯದರಿಂದ ಇಂಗ್ಲಿಷಿನ ಕಲಿಕೆ ಕೆಡುತ್ತದೆ. ಎರಡನೆಯದರಿಂದ ಕನ್ನಡದ ತಿಳಿವಳಿಕೆ ಕೆಡುತ್ತದೆ.

ಕನ್ನಡದ ‘ಕಟ್ಟು’ ಎಂಬ ಎರಡಕ್ಷರದ ಧಾತುವನ್ನು ತೆಗೆದುಕೊಂಡು, ಒಂದು ಶಬ್ದವು ಹಲವು ಅರ್ಥಗಳನ್ನು ಹೇಗೆ ಹೊರುತ್ತದೆ, ಕೇಳುವವನಿಗೆ ಗೊಂದಲವಾಗದಂತೆ ಅವು ಹೇಗೆ ಬೇರೆ ಬೇರೆಯಾಗಿ ನಿಲ್ಲುತ್ತವೆ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ನಿದರ್ಶನಗಳನ್ನು ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯ ಸುತ್ತಣ ಸೀಮೆಯ ಬಾಳಿನಿಂದ ಆರಿಸಿಕೊಂಡಿದೆ. ಇವುಗಳಲ್ಲಿ ಬಹುಪಾಲು ಕನ್ನಡನಾಡಿನ ಉಳಿದೆಡೆಗಳಲ್ಲಿಯೂ ಬಳಕೆಯಲ್ಲಿರತಕ್ಕವೇ. ಆದರೆ ಕೆರೆಯನ್ನು ಕಟ್ಟಿಯೇ ಬದುಕಬೇಕಾಗಿದ್ದ ನೆಲದಲ್ಲಿ ಈ ಧಾತುವಿಗೆ ಹೆಚ್ಚಿನ ಕೆಲಸ ಬಿದ್ದಿತೆಂಬುದರಲ್ಲಿ ಆಶ್ಚರ್ಯವಿಲ್ಲ.

೨

ಮೊದಲು ಸ್ಥಳನಾಮವನ್ನೇ ನೋಡೋಣ. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇದು ಮಳೆ ಕಡಮೆಯಾದ ಬಯಲುಸೀಮೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಕಡೆ ಹರಿದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯಂತಹ ಹೊಳೆಗಳೂ ಮಳೆಯನ್ನೇ ನಂಬಿದವು. ಆದುದರಿಂದಲೇ ಇಲ್ಲಿನ ಊರುಗಳ ಹೆಸರಿನಲ್ಲಿ ಕೆರೆಯು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಗೌಡಗೆರೆ, ಕೊರಟಗೆರೆಗಳಲ್ಲಿರುವ ‘ಗೆರೆ’ಯು ಕಾಗದದ ಮೇಲೆ ಎಳೆಯುವ ಗೆರೆಯಲ್ಲ, ಸಮಾಸದಲ್ಲಿ ಉತ್ತರಪದದ ಆದಿಯ ಕಕಾರಕ್ಕೆ ಗಕಾರವು ಆದೇಶವಾಗಿ ಬಂದ ‘ಕೆರೆ’. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ವಾದಂತೆಯೇ ಇದೂ ಸಹ.

ಅಂದಮೇಲೆ ಒಂದೇ ಉಚ್ಚಾರಣೆಯುಳ್ಳ ಎರಡು ‘ಗೆರೆ’ಗಳು ಒಂದೇ ಶಬ್ದದ ಎರಡು ಅರ್ಥಗಳಲ್ಲ, ಅವು ಎರಡು ಬೇರೆ ಶಬ್ದಗಳು. ಇದೇ ರೀತಿ ನೀರಿನ ‘ಕೆರೆ’ಗೂ ಮೈಯನ್ನು ‘ಕೆರೆ’ ಎಂಬ ಕ್ರಿಯೆಗೂ ಸಂಬಂಧವಿಲ್ಲ. ಹಳಗನ್ನಡದಲ್ಲಿ ನೀರಿನದು ‘ಕೆಱೆ’ ಎಂದು ಶಕಟರೇಫದಿಂದ ಕೂಡಿತ್ತು. ಕ್ರಿಯೆಯಾದರೋ ಸಾಧಾರಣ ರೇಫದ್ದು. ಶಕಟರೇಫವು ಬಳಕೆಯಿಂದ ಬಿದ್ದುಹೋದ ಬಳಿಕ ಎರಡೂ ಒಂದೇ ಬಗೆಯಾಗಿ ಕೇಳಿಸತೊಡಗಿದುವು. ‘ಹರಿ’ ಎಂಬುದು ಇನ್ನೂ ಸ್ವಾರಸ್ಯವಾದ ನಿದರ್ಶನ. ನೀರು ಹರಿಯುವ ‘ಹರಿ’ಯು ಪೂರ್ವದಲ್ಲಿ ‘ಪರಿ’. ಬಟ್ಟೆಯನ್ನು ಹರಿಯುವ ‘ಹರಿ’ಯು ‘ಪಱಿ’. ದೇವರ ಹೆಸರಾದ ‘ಹರಿ’ಯು ಸಂಸ್ಕೃತದಿಂದ ಬಂದುದು. ಮೂರು ಬೇರೆ ಬೇರೆ ಮನೆಗಳ ಮಕ್ಕಳು ಒಂದೇ ಉಡುಪನ್ನು ತೊಟ್ಟಂತೆ ಇವು ನಮ್ಮ ಮುಂದೆ ನಿಂತಿವೆ.

‘ಕಟ್ಟು’ವಿನ ವಿಷಯದಲ್ಲಿಯೂ ಇಂತಹ ವೇಷಧಾರಿಗಳುಂಟು. ‘ಕಟ್ಟಾಳು’, ‘ಕಟ್ಟಾಸೆ’ ಎಂಬ ಮಾತುಗಳಲ್ಲಿ ಕಟ್ಟುವ ಕ್ರಿಯೆಯಿಲ್ಲ. ‘ನಿಡಿದು’ ಎಂಬ ಗುಣವಾಚಕವು ‘ಉಸಿರು’ ಪರವಾದಾಗ ‘ನಿಟ್ಟುಸಿರು’ ಆಗುವಂತೆ, ತೀವ್ರತೆಯನ್ನು ಹೇಳುವ ‘ಕಡು’ವೇ ಸ್ವರದ ಮುಂದೆ ‘ಕಟ್ಟ್’ ಎಂಬ ರೂಪವನ್ನು ತಾಳಿದೆ. ‘ಕಟ್ಟಕಡೆ’ಯಲ್ಲಿರುವುದು ‘ಕಡೆ’ಯ ದ್ವಿರುಕ್ತಿ ಮಾತ್ರ. ಇವನ್ನು ‘ಕಟ್ಟು’ ಧಾತುವಿನ ಅರ್ಥಪಟ್ಟಿಯಲ್ಲಿ ಸೇರಿಸಿದರೆ ಪಟ್ಟಿ ಬೆಳೆಯುತ್ತದೆಯೇ ಹೊರತು ತಿಳಿವಳಿಕೆ ಬೆಳೆಯುವುದಿಲ್ಲ. ಹೋಳಿಗೆಯ ದಿನ ಬೇಳೆಯನ್ನು ಬೇಯಿಸಿ ಬಸಿದ ನೀರಿಗೆ ‘ಕಟ್ಟು’ ಎಂದೂ, ಅದರಿಂದ ಮಾಡಿದುದಕ್ಕೆ ‘ಕಟ್ಟಿನ ಸಾರು’ ಎಂದೂ ಹೆಸರು. ಬಂಧಿಸುವ ಕ್ರಿಯೆಯೊಡನೆ ಇದಕ್ಕೆ ನೇರವಾದ ನಂಟು ತೋರದ ಕಾರಣ, ಇದನ್ನು ಬೇರೆಯ ನಮೂದಾಗಿ ಇರಿಸುವುದೇ ನಿಘಂಟುಕಾರನಿಗೆ ಕ್ಷೇಮಕರವಾದ ಮಾರ್ಗ.

ಇಂಗ್ಲಿಷಿನಲ್ಲಿಯೂ ಪರಿಸ್ಥಿತಿ ಹೀಗೆಯೇ ಇದೆ. ‘ಸೆಟ್’ ಎಂಬ ಕ್ರಿಯಾಪದವು ‘ಕುಳ್ಳಿರು’ ಎಂಬರ್ಥದ ‘ಸಿಟ್’ ಧಾತುವಿನ ಪ್ರೇರಣಾರ್ಥಕ ರೂಪ. ಅದರ ಮೂಲಾರ್ಥ ‘ಕುಳ್ಳಿರಿಸು’ ಎಂದು. ‘ಸಮೂಹ’ ಎಂಬರ್ಥದ ನಾಮಪದವಾದ ‘ಸೆಟ್’ ಆದರೋ ಪಂಥವೆಂಬ ಅರ್ಥದ ಲ್ಯಾಟಿನ್ ಪದದಿಂದ ಹಳೆಯ ಫ್ರೆಂಚಿನ ಮೂಲಕ ಬಂದು, ಮುಂದೆ ಕ್ರಿಯಾಪದದೊಡನೆ ಬೆರೆತುಹೋಯಿತು. ನಮ್ಮ ರೈತರ ಪಂಪುಸೆಟ್ಟಿನಲ್ಲಿರುವುದು ಈ ಎರಡನೆಯದು. ಆದುದರಿಂದ ನಾನಾರ್ಥಗಳನ್ನು ವಿಚಾರಿಸುವವನು ಮೊದಲು ಕೇಳಬೇಕಾದ ಪ್ರಶ್ನೆ ಇದು: ನನ್ನ ಮುಂದಿರುವುದು ಒಂದು ಶಬ್ದವೋ, ಒಂದೇ ಧ್ವನಿಯ ಹಲವು ಶಬ್ದಗಳೋ?

೩

ಈ ಶೋಧನೆಯ ಬಳಿಕ ಉಳಿಯುವ ‘ಕಟ್ಟು’ ಧಾತುವಿಗೂ ಅರ್ಥಗಳು ಕಡಮೆಯಿಲ್ಲ. ಅವುಗಳನ್ನು ಯಥಾಸಾಧ್ಯ ಗುಂಪು ಮಾಡಿ ನೋಡಬಹುದು.

ಮೊದಲನೆಯದು ಬಂಧಿಸುವುದು. ಹಸುವನ್ನು ಗೂಟಕ್ಕೆ ಕಟ್ಟುವುದು, ಹೊರೆ ಕಟ್ಟುವುದು, ಬುತ್ತಿ ಕಟ್ಟುವುದು, ಹೂ ಕಟ್ಟುವುದು, ತೊಟ್ಟಿಲು ಕಟ್ಟುವುದು, ತಾಳಿ ಕಟ್ಟುವುದು ಎಲ್ಲವೂ ಈ ಗುಂಪಿನವು. ಅತ್ತಿತ್ತ ಚದುರಬಹುದಾದುದನ್ನು ಒಂದೆಡೆ ನಿಲ್ಲುವಂತೆ ಮಾಡುವುದೇ ಇಲ್ಲಿನ ತಿರುಳು.

ಎರಡನೆಯದು ನಿರ್ಮಿಸುವುದು. ಮನೆ, ಗುಡಿ, ಕೋಟೆ, ಕೆರೆಗಳನ್ನು ಕಟ್ಟುತ್ತಾರೆ. ಹಕ್ಕಿ ಗೂಡನ್ನು, ಜೇಡ ಬಲೆಯನ್ನು ಕಟ್ಟುತ್ತದೆ. ಬಿಡಿಬಿಡಿಯಾದ ಕಲ್ಲು, ಮಣ್ಣು, ಮರಗಳನ್ನು ಬಿಚ್ಚಿಹೋಗದಂತೆ ಹೊಂದಿಸಿ ಒಂದಾಗಿ ನಿಲ್ಲಿಸುವುದರಿಂದ ಬಂಧನದ ಅರ್ಥವು ನಿರ್ಮಾಣದ ಅರ್ಥಕ್ಕೆ ಹಾದುಬಂದಿದೆ. ಈ ಹಾದಿ ಬಹು ಹಳೆಯದೆಂಬುದಕ್ಕೆ ಸೋದರ ಭಾಷೆಗಳೇ ಸಾಕ್ಷಿ: ತಮಿಳು ಮತ್ತು ತೆಲುಗುಗಳ ‘ಕಟ್ಟು’, ಮಲೆಯಾಳದ ‘ಕೆಟ್ಟು’ ಇವು ಮೂರೂ ಬಂಧಿಸುವುದನ್ನೂ ನಿರ್ಮಿಸುವುದನ್ನೂ ಹೇಳುತ್ತವೆ. ಮಾತಿನಿಂದ ಆಗುವ ನಿರ್ಮಾಣವೂ ಇದರೊಳಗೇ ಬರುತ್ತದೆ. ಪದ ಕಟ್ಟುವವರು, ಹಾಡು ಕಟ್ಟುವವರು ನಮ್ಮಲ್ಲಿ ಗೌರವಕ್ಕೆ ಪಾತ್ರರು. ಈ ಸೀಮೆಯ ಕಾಡುಗೊಲ್ಲರು ಹಾಡಿಕೊಂಡು ಬಂದಿರುವ ಜುಂಜಪ್ಪನ ಕಾವ್ಯವು ಬರಹದ ನೆರವಿಲ್ಲದೆ ಬಾಯಿಂದ ಬಾಯಿಗೆ ಕಟ್ಟಿ ನಿಲ್ಲಿಸಿದ ದೊಡ್ಡ ಕಟ್ಟಡ. ಆದರೆ ‘ಕತೆ ಕಟ್ಟಬೇಡ’ ಎಂದು ಗದರಿದಾಗ ಅದೇ ಕ್ರಿಯೆ ಸುಳ್ಳಿನ ಅಪವಾದವಾಗುತ್ತದೆ. ‘ಕಟ್ಟುಕತೆ’ ಎಂಬ ಸಮಾಸಕ್ಕೆ ದೊರೆತಿರುವುದು ಈ ಎರಡನೆಯ ಅರ್ಥ ಮಾತ್ರ.

ಮೂರನೆಯದು ಘನೀಭವಿಸುವುದು ಅಥವಾ ಒಟ್ಟುಗೂಡುವುದು. ಇಲ್ಲಿ ಕ್ರಿಯೆಯು ಅಕರ್ಮಕವಾಗುತ್ತದೆ, ಕಟ್ಟುವವನೊಬ್ಬನು ಬೇಕಾಗಿಲ್ಲ. ಆಕಾಶದಲ್ಲಿ ಮೋಡ ಕಟ್ಟುತ್ತದೆ. ನಿಂತ ನೀರಿನಲ್ಲಿ ಪಾಚಿ ಕಟ್ಟುತ್ತದೆ. ಗಾಯದಲ್ಲಿ ಕೀವು ಕಟ್ಟುತ್ತದೆ. ತೆನೆಯಲ್ಲಿ ಕಾಳು ಕಟ್ಟುತ್ತದೆ. ಕಡಲೆಕಾಯಿಯ ಹೊಲವುಳ್ಳವನಿಗೆ ಕಾಯಿ ಕಟ್ಟುವ ಹೊತ್ತಿನ ಮಳೆಯೆಂದರೆ ಇಡೀ ವರ್ಷದ ಅನ್ನ. ಹೆಪ್ಪುಗಟ್ಟು, ಸಾಲುಗಟ್ಟು, ಗುಂಪುಗಟ್ಟು, ಮಡುಗಟ್ಟು, ರೂಪುಗಟ್ಟು ಎಂಬ ಸಮಾಸಗಳು ಇದರ ಮುಂದುವರಿಕೆ. ಗೌಡಗೆರೆಯಲ್ಲಿ ಕೆರೆಯು ಗೆರೆಯಾದಂತೆ ಇಲ್ಲಿ ಕಟ್ಟು ಗಟ್ಟಾಗಿದೆ.

ನಾಲ್ಕನೆಯದು ತಡೆಯುವುದು. ನೆಗಡಿಯಿಂದ ಮೂಗು ಕಟ್ಟುತ್ತದೆ. ದುಃಖದಿಂದ ಗಂಟಲು ಕಟ್ಟುತ್ತದೆ. ಹೊಗೆಯಿಂದ ಉಸಿರು ಕಟ್ಟುತ್ತದೆ. ಪಥ್ಯದಲ್ಲಿರುವವನು ಬಾಯಿ ಕಟ್ಟುತ್ತಾನೆ. ಸಮಾಜವು ತನ್ನ ನಡೆವಳಿಕೆಯ ಮೇಲೆ ಹಾಕಿಕೊಂಡ ತಡೆಯೇ ಕಟ್ಟಳೆ, ಕಟ್ಟುಪಾಡು.

ಐದನೆಯದು ಸಲ್ಲಿಸುವುದು ಮತ್ತು ನಿಗದಿಪಡಿಸುವುದು. ಕಂದಾಯ ಕಟ್ಟುವುದು, ಕಾಲೇಜಿನ ಫೀಜು ಕಟ್ಟುವುದು, ಪಂದ್ಯ ಕಟ್ಟುವುದು, ಬೆಲೆ ಕಟ್ಟುವುದು ಇವೆಲ್ಲ ಹಣಕಾಸಿನ ವ್ಯವಹಾರದ ಪ್ರಯೋಗಗಳು. ಕೊಡಬೇಕಾದುದಕ್ಕೆ ಬದ್ಧನಾಗಿರುವುದು, ಬೆಲೆಯು ಅಲುಗಾಡದಂತೆ ನಿಲ್ಲುವುದು ಎಂಬ ಭಾವ ಇವುಗಳ ಹಿಂದೆ ಕಾಣುತ್ತದೆ.

ಇವುಗಳಲ್ಲದೆ ಸಹಾಯಕ ಕ್ರಿಯಾಪದಗಳೊಡನೆ ಸೇರಿ ಹುಟ್ಟುವ ಅರ್ಥಗಳು ಬೇರೆ. ಕಟ್ಟಿಹಾಕು ಎಂದರೆ ಕದಲದಂತೆ ಮಾಡು. ಕಟ್ಟಿಡು ಎಂದರೆ ಮುಂದಿಗಾಗಿ ತೆಗೆದಿರಿಸು. ಕಟ್ಟಿಕೊಡು ಎಂದರೆ ಪರರಿಗಾಗಿ ನಿರ್ಮಿಸು, ಅಥವಾ ಚಿತ್ರವನ್ನು ಮನಸ್ಸಿಗೆ ತಂದುಕೊಡು. ‘ಕಟ್ಟಿಕೊಳ್ಳು’ ಎಂಬುದಕ್ಕೆ ಮದುವೆಯಾಗು, ಗಳಿಸು, ಹೊಣೆ ಹೊರು ಎಂಬ ಅರ್ಥಗಳು. ‘ಪಾಪ ಕಟ್ಟಿಕೊಂಡ’ ಎಂಬಲ್ಲಿ ಹೊಣೆಯ ಅರ್ಥವೇ ಇದೆ. ಇಂಗ್ಲಿಷಿನ ಕ್ರಿಯಾಪದಗಳ ಹಿಂದೆ ‘ಅಪ್’, ‘ಆಫ್’, ‘ಔಟ್’ ಮುಂತಾದವು ಸೇರಿ ಅರ್ಥವನ್ನು ತಿರುಗಿಸುವುದನ್ನು ಕಂಡು ಬೆದರುವ ವಿದ್ಯಾರ್ಥಿಯು, ‘ಕೊಳ್ಳು’, ‘ಹಾಕು’, ‘ಇಡು’, ‘ಕೊಡು’ಗಳಿಂದ ಅದೇ ಕೆಲಸವನ್ನು ದಿನವೂ ತಾನೇ ಮಾಡುತ್ತಿರುವುದನ್ನು ಗಮನಿಸಿರುವುದಿಲ್ಲ.

೪

ಇಷ್ಟೊಂದು ಅರ್ಥಗಳಿದ್ದರೂ ಕನ್ನಡಿಗನಿಗೆ ಗೊಂದಲವಾಗದಿರುವುದು ಹೇಗೆ? ‘ಹೊಟ್ಟೆ ಬಟ್ಟೆ ಕಟ್ಟಿ, ಸಾಲದ ಕಂತು ಕಟ್ಟಿ, ಮನೆ ಕಟ್ಟಿದ’ ಎಂಬ ವಾಕ್ಯವನ್ನು ನೋಡಿ. ಇದರಲ್ಲಿ ‘ಕಟ್ಟು’ ಮೂರು ಸಲ ಬಂದಿದೆ, ಮೂರು ಬೇರೆ ಅರ್ಥಗಳಲ್ಲಿ ಬಂದಿದೆ. ಮೊದಲನೆಯದು ಮಿತವ್ಯಯ, ಎರಡನೆಯದು ಪಾವತಿ, ಮೂರನೆಯದು ನಿರ್ಮಾಣ. ಶಾಲೆಯ ಮುಖವನ್ನು ಕಾಣದ ಮುದುಕಿಗೂ ಇದರಲ್ಲಿ ಕ್ಷಣಕಾಲದ ಸಂದೇಹವೂ ಬಾರದು. ಆದರೆ ಇದನ್ನು ಇಂಗ್ಲಿಷಿಗೆ ತಿರುಗಿಸಹೊರಟರೆ ಮೂರು ಬೇರೆ ಕ್ರಿಯಾಪದಗಳನ್ನು ಹುಡುಕಬೇಕಾಗುತ್ತದೆ. ಅರ್ಥವನ್ನು ನಿರ್ಣಯಿಸಿದ್ದು ಜೊತೆಗಿದ್ದ ಪದ: ಹೊಟ್ಟೆ ಬಟ್ಟೆ, ಕಂತು, ಮನೆ.

ಜೊತೆಯ ಪದವು ಒಂದೇ ಆಗಿದ್ದು ವಿಭಕ್ತಿಯು ಮಾತ್ರ ಬೇರೆಯಾದರೂ ಅರ್ಥವು ಬುಡಮೇಲಾಗುವುದುಂಟು. ‘ಕಣ್ಣು ಕಟ್ಟಿದ’ ಎಂದರೆ ನೋಟವನ್ನು ತಡೆದ, ಇಲ್ಲದುದನ್ನು ತೋರಿ ಭ್ರಮೆಗೊಳಿಸಿದ ಎಂದರ್ಥ. ‘ಕಣ್ಕಟ್ಟು’ ಎಂಬ ನಾಮಪದವು ಇದರಿಂದಲೇ ಬಂದಿದೆ. ‘ಕಣ್ಣಿಗೆ ಕಟ್ಟಿದಂತಿದೆ’ ಎಂದರೆ ಸ್ಪಷ್ಟವಾಗಿ ಕಾಣುವಂತಿದೆ ಎಂದರ್ಥ. ದ್ವಿತೀಯಾರ್ಥದಲ್ಲಿ ಕುರುಡು, ಚತುರ್ಥಿಯಲ್ಲಿ ದೃಷ್ಟಿ. ಅರ್ಥಪಟ್ಟಿಯನ್ನು ಮಾತ್ರ ಕಲಿತವನು ಇಂತಹ ಕಡೆ ಎಡವುವುದು ನಿಶ್ಚಯ.

ಜೊತೆಯ ಪದ ಮತ್ತು ವಿಭಕ್ತಿಗಳನ್ನೂ ಮೀರಿ, ಕೆಲಸದ ತಿಳಿವಳಿಕೆಯೇ ಬೇಕಾಗುವ ಸಂದರ್ಭಗಳೂ ಇವೆ. ಕೆರೆ ಕಟ್ಟುವುದೆಂದರೆ ಹರಿಯುವ ನೀರಿಗೆ ಅಡ್ಡಲಾಗಿ ಏರಿ ಹಾಕಿ ಅದನ್ನು ನಿಲ್ಲಿಸುವುದು. ‘ತೋಟಕ್ಕೆ ನೀರು ಕಟ್ಟುವುದು’ ಎಂದರಾದರೋ ನಿಂತ ನೀರನ್ನು ಹರಿಯಿಸುವುದು! ಒಂದೇ ಧಾತು, ಒಂದೇ ನೀರು, ಪರಿಣಾಮ ಮಾತ್ರ ವಿರುದ್ಧ. ಇದು ಭಾಷೆಯ ಅವ್ಯವಸ್ಥೆಯೆಂದು ತೋರಬಹುದು. ಹೊಲದ ಬದುವಿನ ಮೇಲೆ ನಿಂತು ನೋಡಿದವನಿಗೆ ಹಾಗೆ ತೋರುವುದಿಲ್ಲ. ನೀರು ಕಟ್ಟುವವನು ಗುದ್ದಲಿಯಿಂದ ಕಾಲುವೆಗೆ ಒಂದೆಡೆ ಮಣ್ಣನ್ನು ಅಡ್ಡಹಾಕಿ, ಪಾತಿಯ ಬಾಯನ್ನು ಬಿಡಿಸುತ್ತಾನೆ. ಒಂದು ಪಾತಿ ತುಂಬಿದ ಮೇಲೆ ಅದರ ಬಾಯನ್ನು ಮುಚ್ಚಿ, ಅಡ್ಡವನ್ನು ಕಿತ್ತು ಮುಂದಿನ ಪಾತಿಗೆ ತಿರುಗಿಸುತ್ತಾನೆ. ಅಡ್ಡ ಕಟ್ಟದೆ ನೀರು ಪಾತಿಗೆ ತಿರುಗದು. ಆದುದರಿಂದ ಹೆಸರು ಬಂದುದು ಕೆಲಸದ ಫಲದಿಂದಲ್ಲ, ಕೈಯು ಮಾಡುವ ಕ್ರಿಯೆಯಿಂದ. ಈಗ ಹನಿ ನೀರಾವರಿಯ ಕೊಳವೆಗಳು ಬಂದಿರುವ ತೋಟಗಳಲ್ಲಿ ಕಟ್ಟುವ ಕೈಕೆಲಸವಿಲ್ಲ. ತಿರುಪು ತಿರುಗಿಸಿದರೆ ಸಾಕು. ಅಂತಹ ತೋಟದಲ್ಲಿ ಬೆಳೆಯುವ ಹುಡುಗನ ಕಿವಿಗೆ ‘ನೀರು ಕಟ್ಟು’ ಎಂಬುದು ಕಾರಣ ತಿಳಿಯದ ನುಡಿಗಟ್ಟಾಗಿ ಮಾತ್ರ ಉಳಿಯುತ್ತದೆ. ಕೆಲಸವು ಮಾಯವಾದಾಗ ಮಾತು ಕೂಡಲೇ ಸಾಯುವುದಿಲ್ಲ. ಅದರ ಬೇರು ಮೊದಲು ಒಣಗುತ್ತದೆ.

೫

ನಾನಾರ್ಥದ ವಿಚಾರವು ಕೇವಲ ಪಾಂಡಿತ್ಯದ ವಿನೋದವಲ್ಲವೆಂಬುದನ್ನು ತೋರಿಸಲು, ನೆಲಕ್ಕೂ ನ್ಯಾಯಕ್ಕೂ ಸಂಬಂಧಪಟ್ಟ ಕೆಲವು ಶಬ್ದಗಳನ್ನು ಪರಿಶೀಲಿಸಬೇಕು.

‘ಕಟ್ಟೆ’ ಎಂಬುದು ‘ಕಟ್ಟು’ವಿನಿಂದ ಹುಟ್ಟಿದ ನಾಮಪದ. ನೀರನ್ನು ತಡೆದ ಒಡ್ಡು ಕಟ್ಟೆ. ಹಾಗೆ ನಿಂತ ಚಿಕ್ಕ ಜಲಾಶಯವೂ ಕಟ್ಟೆ. ಅರಳಿಯ ಮರದ ಸುತ್ತ ಕಲ್ಲಿನಿಂದ ಕಟ್ಟಿದ ಜಗಲಿಯೂ ಕಟ್ಟೆ. ಆ ಜಗಲಿಯಲ್ಲಿ ಹರಟೆಯೂ ನಡೆಯುತ್ತಿತ್ತು, ನ್ಯಾಯವೂ ನಡೆಯುತ್ತಿತ್ತು. ಕಾಡುಗೊಲ್ಲರಲ್ಲಿಯೂ ಮ್ಯಾಸಬೇಡರಲ್ಲಿಯೂ ಕುಲದ ಕಟ್ಟುಪಾಡುಗಳನ್ನು ನಿರ್ಣಯಿಸುವ ಸಾಂಪ್ರದಾಯಿಕ ವ್ಯವಸ್ಥೆಗೆ ‘ಕಟ್ಟೆಮನೆ’ ಎಂದು ಹೆಸರು. ಇಲ್ಲಿ ಸ್ಥಳದ ಹೆಸರು ಅಧಿಕಾರದ ಹೆಸರಾಗಿದೆ.

‘ಅಚ್ಚುಕಟ್ಟು’ ಎಂಬ ಮಾತನ್ನು ಪಟ್ಟಣದ ವಿದ್ಯಾರ್ಥಿಯು ‘ಓರಣ’ ಎಂಬರ್ಥದಲ್ಲಿ ಬಲ್ಲನು. ಕೆರೆಯ ಕೆಳಗಿನ ರೈತನಿಗೆ ಅಚ್ಚುಕಟ್ಟೆಂದರೆ ಆ ಕೆರೆಯ ತೂಬಿನಿಂದ ನೀರುಣ್ಣುವ ಹಕ್ಕುಳ್ಳ ಜಮೀನಿನ ವಿಸ್ತಾರ. ಒಂದು ಹೊಲವು ಅಚ್ಚುಕಟ್ಟಿನ ಒಳಗಿದೆಯೋ ಹೊರಗಿದೆಯೋ ಎಂಬುದರ ಮೇಲೆ ನೀರಿನ ಪಾಲು ನಿಂತಿದೆ. ಇನ್ನು ‘ಆಯಕಟ್ಟು’ ಎಂಬುದು ಗಡಿಯ ಎರಡು ಕಡೆಗಳಲ್ಲಿ ಎರಡು ಬಗೆಯಾಗಿ ನಡೆಯುತ್ತದೆ. ಕನ್ನಡದಲ್ಲಿ ಆಯಕಟ್ಟಿನ ಸ್ಥಳವೆಂದರೆ ಪ್ರಮುಖವಾದ, ಹಿಡಿತವುಳ್ಳ ಸ್ಥಳ. ತೆಲುಗಿನಲ್ಲಿ ಆಯಕಟ್ಟೆಂದರೆ ನಮ್ಮ ಅಚ್ಚುಕಟ್ಟು. ಆಂಧ್ರಪ್ರದೇಶವು ಮೂರು ದಿಕ್ಕುಗಳಲ್ಲಿ ಸುತ್ತುವರಿದಿರುವ ಪಾವಗಡದಂತಹ ತಾಲ್ಲೂಕಿನಲ್ಲಿ ಎರಡು ಭಾಷೆಗಳೂ ಒಂದೇ ಬೀದಿಯಲ್ಲಿ ಓಡಾಡುತ್ತವೆ. ಅಲ್ಲಿ ಈ ಮಾತನ್ನು ಕೇಳಿದವನು, ಆಡಿದವನ ಮನೆಮಾತು ಯಾವುದೆಂದು ವಿಚಾರಿಸಿಯೇ ಅರ್ಥ ಮಾಡಬೇಕು.

ಹಳೆಯ ಶಾಸನಗಳಲ್ಲಿ ಮತ್ತು ಕಂದಾಯದ ಕಾಗದಗಳಲ್ಲಿ ತೊಡಕು ಇನ್ನೂ ಹೆಚ್ಚು. ‘ಕಟ್ಟುಕೊಡಗೆ’ ಎಂಬುದು ಕೆರೆಯನ್ನು ಕಟ್ಟಿಸಿದುದಕ್ಕಾಗಿಯೋ ಅದರ ಪೋಷಣೆಗಾಗಿಯೋ ಬಿಟ್ಟುಕೊಟ್ಟ ಭೂಮಿ. ಇಲ್ಲಿ ‘ಕಟ್ಟು’ ನಿರ್ಮಾಣವಾಚಕ. ‘ಕಟ್ಟುಗುತ್ತಿಗೆ’ ಎಂಬುದು ಏರಿಳಿತವಿಲ್ಲದಂತೆ ನಿಗದಿಪಡಿಸಿದ, ಸಾಮಾನ್ಯ ದರಕ್ಕಿಂತ ಹಗುರವಾದ ಕಂದಾಯದ ಹಿಡುವಳಿ. ಇಲ್ಲಿ ‘ಕಟ್ಟು’ ನಿಶ್ಚಯವಾಚಕ. ಮೊದಲನೆಯದು ಕೆರೆಯ ಋಣವನ್ನು ಹೊತ್ತ ನೆಲ. ಎರಡನೆಯದಕ್ಕೆ ಆ ಋಣವಿರಬೇಕಾದ ಅಗತ್ಯವಿಲ್ಲ. ಎರಡನ್ನೂ ಒಂದೇ ಎಂದು ಓದಿದವನು ಒಂದು ಊರಿನ ಕೆರೆಯ ಚರಿತ್ರೆಯನ್ನೇ ತಪ್ಪಾಗಿ ಬರೆಯುತ್ತಾನೆ. ಇಂತಹ ಹಿಡುವಳಿಗಳ ಕಾಲ ಮುಗಿದಿದೆ. ಆದರೆ ಕೆರೆಯ ಹೂಳೆತ್ತುವ ಹೊಣೆ ಯಾರದಾಗಿತ್ತು, ಏರಿಗೆ ಮಣ್ಣು ಹಾಕಿಸುತ್ತಿದ್ದವರು ಯಾರು, ಆ ಏರ್ಪಾಡು ಯಾವಾಗ ಕಡಿಯಿತು ಎಂಬ ಪ್ರಶ್ನೆಗಳು ಮುಗಿದಿಲ್ಲ. ಅವುಗಳಿಗೆ ಉತ್ತರ ಹುಡುಕುವವನು ಮೊದಲು ಈ ಎರಡಕ್ಷರದ ಮಾತನ್ನು ಓದಲು ಬಲ್ಲವನಾಗಿರಬೇಕು.

೬

ಒಂದು ಶಬ್ದಕ್ಕೆ ಹಲವು ಅರ್ಥಗಳಿರುವುದನ್ನು ನಮ್ಮ ಪೂರ್ವಿಕರು ಕಾಣದವರಲ್ಲ. ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥಗಳಿಗೆಂದೇ ಒಂದು ವರ್ಗವಿದೆ. ‘ಹರಿ’ ಶಬ್ದಕ್ಕೆ ವಿಷ್ಣು, ಇಂದ್ರ, ಸೂರ್ಯ, ಸಿಂಹ, ಕುದುರೆ, ಗಿಣಿ, ಕಪ್ಪೆ ಮೊದಲಾದ ಅರ್ಥಗಳನ್ನು ಅಲ್ಲಿ ಕೂಡಿಸಿಟ್ಟಿದೆ. ಆದರೆ ಪಟ್ಟಿ ಮಾಡುವುದು ಕೆಲಸದ ಅರ್ಧ ಮಾತ್ರ. ಉಳಿದರ್ಧವನ್ನು ಮಾಡಿದವರು ವೈಯಾಕರಣರು. ಭರ್ತೃಹರಿಯು ತನ್ನ ವಾಕ್ಯಪದೀಯದಲ್ಲಿ, ಅರ್ಥವು ಸಂದಿಗ್ಧವಾದಾಗ ಅದನ್ನು ನಿರ್ಣಯಿಸುವ ಕಾರಣಗಳನ್ನು ಎಣಿಸಿದ್ದಾನೆ: ಸಂಯೋಗ, ವಿಪ್ರಯೋಗ, ಸಾಹಚರ್ಯ, ವಿರೋಧ, ಪ್ರಯೋಜನ, ಪ್ರಕರಣ, ಲಿಂಗ, ಬೇರೆ ಶಬ್ದದ ಸನ್ನಿಧಿ, ಸಾಮರ್ಥ್ಯ, ಔಚಿತ್ಯ, ದೇಶ, ಕಾಲ ಮುಂತಾದುವು. ‘ಸೈಂಧವವನ್ನು ತಾ’ ಎಂದರೆ ಊಟದ ಹೊತ್ತಿನಲ್ಲಿ ಉಪ್ಪು, ಪ್ರಯಾಣದ ಹೊತ್ತಿನಲ್ಲಿ ಕುದುರೆ ಎಂಬ ಶಾಸ್ತ್ರಗಳ ನಿದರ್ಶನವು ಪ್ರಸಿದ್ಧವೇ ಆಗಿದೆ. ಮೇಲೆ ನಾವು ನೋಡಿದ ‘ಕಂತು ಕಟ್ಟು’, ‘ಮನೆ ಕಟ್ಟು’ಗಳಲ್ಲಿ ಬೇರೆ ಶಬ್ದದ ಸನ್ನಿಧಿಯೂ, ‘ನೀರು ಕಟ್ಟು’ವಿನಲ್ಲಿ ಸಾಮರ್ಥ್ಯ ಪ್ರಕರಣಗಳೂ, ಪಾವಗಡದ ‘ಆಯಕಟ್ಟಿ’ನಲ್ಲಿ ದೇಶವೂ ಕೆಲಸ ಮಾಡಿವೆ. ಸಿದ್ಧಾಂತವು ಹಳೆಯದು, ನಿದರ್ಶನಗಳು ಮಾತ್ರ ನಮ್ಮ ಊರಿನವು.

ಈ ಬೆಳಕಿನಲ್ಲಿ ನಿಘಂಟಿನ ಅಂಕಿಗಳನ್ನು ನೋಡಿದರೆ ಅವುಗಳ ಭಯ ಇಳಿಯುತ್ತದೆ. ‘ಸೆಟ್’ಗೆ ೪೩೦ ಅರ್ಥ, ‘ರನ್’ಗೆ ೬೪೫ ಅರ್ಥ ಎಂದರೆ ಆ ಶಬ್ದಗಳ ಹೊಟ್ಟೆಯಲ್ಲಿ ಅಷ್ಟು ಅರ್ಥಗಳು ತುಂಬ ಕುಳಿತಿವೆಯೆಂದಲ್ಲ. ಅಷ್ಟು ಬಗೆಯ ಸಹವಾಸಗಳನ್ನು ಸಂಪಾದಕರು ಬೇರ್ಪಡಿಸಿ ದಾಖಲಿಸಿದ್ದಾರೆಂದು ಅರ್ಥ. ಇನ್ನೊಬ್ಬ ಸಂಪಾದಕನು ಕೆಲವನ್ನು ಕೂಡಿಸಬಹುದು, ಕೆಲವನ್ನು ಒಡೆಯಬಹುದು. ಕಿಟೆಲರ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು ೧೯೭೦ರಿಂದ ೧೯೯೫ರವರೆಗೆ ಹೊರಬಂದಿತು. ಇವೆರಡನ್ನೂ ಪಕ್ಕದಲ್ಲಿಟ್ಟುಕೊಂಡು ಒಂದೇ ಧಾತುವಿನ ನಮೂದನ್ನು ಹೋಲಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಕೊಟ್ಟರೆ, ಅರ್ಥವಿಭಾಗವೆಂಬುದು ವಿವೇಚನೆಯ ಫಲವೆಂಬುದು ಅವರಿಗೆ ತಾನಾಗಿ ಮನದಟ್ಟಾಗುತ್ತದೆ.

೭

ಇದರಿಂದ ಬೋಧನೆಗೆ ಆಗುವ ಪ್ರಯೋಜನವೇನು? ಇಂಗ್ಲಿಷಿನ ಕಿರುಶಬ್ದವನ್ನು ಒಂಟಿಯಾಗಿ ಕಲಿಸಬಾರದೆಂಬುದೇ ಮೊದಲ ಪಾಠ. ಮೊಸರು ‘ಸೆಟ್’ ಆದರೆ ಹೆಪ್ಪುಗಟ್ಟುವುದು; ಸೂರ್ಯ ‘ಸೆಟ್’ ಆದರೆ ಮುಳುಗುವುದು; ಬೋನನ್ನು ‘ಸೆಟ್’ ಮಾಡಿದರೆ ಒಡ್ಡುವುದು. ಬಸ್ಸು ‘ರನ್’ ಆದರೆ ಓಡುವುದು. ಮೂಗು ‘ರನ್’ ಆದರೆ ಸೋರುವುದು. ಹೋಟೆಲನ್ನು ‘ರನ್’ ಮಾಡಿದರೆ ನಡೆಸುವುದು. ಜೊತೆಯ ಪದದೊಡನೆ ಹೇಳಿಕೊಟ್ಟರೆ ಪ್ರತಿಯೊಂದಕ್ಕೂ ಕನ್ನಡದಲ್ಲಿ ಸ್ಪಷ್ಟವಾದ ಸಮಾನಪದವುಂಟು. ಜೊತೆಯನ್ನು ಕಿತ್ತೊಗೆದರೆ ಯಾವುದಕ್ಕೂ ಇಲ್ಲ.

ನಾವು ಎರವಲು ತಂದ ಶಬ್ದಗಳು ತಮ್ಮ ಬಳಗವನ್ನು ಅಲ್ಲಿಯೇ ಬಿಟ್ಟು ಬರುತ್ತವೆಂಬುದು ಗಮನಿಸತಕ್ಕ ಇನ್ನೊಂದು ವಿಷಯ. ಕನ್ನಡದಲ್ಲಿ ‘ರನ್’ ಎಂದರೆ ಮುಖ್ಯವಾಗಿ ಕ್ರಿಕೆಟ್ಟಿನ ಓಟ. ‘ಸೆಟ್’ ಎಂದರೆ ಪಂಪುಸೆಟ್ಟು, ಸೆಟ್ ದೋಸೆ, ಸಿನಿಮಾದ ಸೆಟ್ಟು. ನೂರಾರು ಅರ್ಥಗಳ ಸಂಸಾರದಿಂದ ನಮ್ಮಲ್ಲಿಗೆ ಬಂದವು ಮೂರು ನಾಲ್ಕು ಮಾತ್ರ. ‘ರನ್’ ಎಂದರೆ ಓಟವೆಂದು ಮೊದಲೇ ಬಲ್ಲ ವಿದ್ಯಾರ್ಥಿಯು ಆ ಒಂದು ಅರ್ಥವನ್ನೇ ಎಲ್ಲ ಕಡೆಯೂ ಹಚ್ಚಹೋಗುತ್ತಾನೆ. ಅವನ ತಪ್ಪಿಗೆ ಕಾರಣ ಅಜ್ಞಾನವಲ್ಲ, ಅರೆಪರಿಚಯ. ‘ಕಟ್ಟು’ ಎಂದರೆ ಹಗ್ಗದಿಂದ ಬಿಗಿಯುವುದೆಂದು ಮಾತ್ರ ಕಲಿತ ಪರಭಾಷಿಕನೊಬ್ಬನು ‘ಮೂಗು ಕಟ್ಟಿದೆ’ ಎಂಬುದನ್ನು ಕೇಳಿದರೆ ಏನೆಂದುಕೊಂಡಾನೆಂದು ತರಗತಿಯಲ್ಲಿ ಕೇಳಿದರೆ, ಹುಡುಗರು ನಗುತ್ತಾರೆ. ಆ ನಗೆಯ ಜೊತೆಯಲ್ಲಿಯೇ ಪಾಠವೂ ಮುಗಿಯುತ್ತದೆ.

ಆದಕಾರಣ ಯಾವುದೇ ಕಿರುಶಬ್ದವನ್ನು ಎದುರಿಸುವಾಗ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳುವುದು ಹಿತಕರ. ಇದು ಒಂದು ಶಬ್ದವೇ, ಒಂದೇ ಧ್ವನಿಯ ಹಲವು ಶಬ್ದಗಳೇ? ಇದರ ಜೊತೆಗಿರುವ ಪದ ಯಾವುದು? ಆ ಪದವು ಯಾವ ವಿಭಕ್ತಿಯಲ್ಲಿ, ಅಥವಾ ಇಂಗ್ಲಿಷಿನಲ್ಲಾದರೆ ಯಾವ ಉಪಸರ್ಗದೊಡನೆ, ಇದನ್ನು ಸೇರಿದೆ? ಈ ಮಾತನ್ನು ಆಡಿದವರು ಯಾರು, ಯಾವ ಕೆಲಸದ ನಡುವೆ ಆಡಿದರು? ಮೊದಲ ಮೂರಕ್ಕೆ ಪುಸ್ತಕಗಳು ನೆರವಾಗುತ್ತವೆ. ನಾಲ್ಕನೆಯದಕ್ಕೆ ಊರೇ ಪುಸ್ತಕ.

ಇಲ್ಲಿಯೇ ಈ ಸೀಮೆಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದು ಕರ್ತವ್ಯವಿದೆ. ತೂಬು, ಕೋಡಿ, ಏರಿ, ಪಾತಿ, ಅಚ್ಚುಕಟ್ಟುಗಳ ನಡುವೆ ‘ಕಟ್ಟು’ ಧಾತುವನ್ನು ಸಹಜವಾಗಿ ಬಳಸಿದ ತಲೆಮಾರಿನ ರೈತರೂ, ಕಲ್ಲುಕೆಲಸದವರೂ, ಹಟ್ಟಿಯ ಹಿರಿಯರೂ ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಬಾಯಲ್ಲಿ ಈ ಧಾತು ಯಾವ ಯಾವ ಪದಗಳೊಡನೆ ಕೂಡುತ್ತದೆಂಬುದನ್ನು, ಇಡೀ ವಾಕ್ಯದೊಡನೆ, ಆಡಿದವರ ಊರು ಕಸುಬುಗಳೊಡನೆ ಬರೆದಿಟ್ಟುಕೊಳ್ಳುವುದಕ್ಕೆ ದೊಡ್ಡ ಸಲಕರಣೆಯಾಗಲಿ ಹಣವಾಗಲಿ ಬೇಕಿಲ್ಲ. ಒಂದು ಬೇಸಗೆಯ ರಜೆ, ಒಂದು ಲೆಕ್ಕದ ಪುಸ್ತಕ ಸಾಕು. ಹಾಗೆ ಸಂಗ್ರಹಿಸಿದುದು ಕೆರೆಗಳ ಚರಿತ್ರೆಯನ್ನು ಬರೆಯುವವನಿಗೂ, ನಿಘಂಟನ್ನು ಪರಿಷ್ಕರಿಸುವವನಿಗೂ ಉಪಯೋಗಕ್ಕೆ ಬರುತ್ತದೆ. ಅದಕ್ಕಿಂತ ಮೊದಲು, ತನ್ನ ಅಜ್ಜನ ಮಾತಿನಲ್ಲಿ ಇಷ್ಟು ಅರ್ಥಗಳನ್ನು ಎಣಿಸಿದ ಹುಡುಗನು ಇಂಗ್ಲಿಷ್ ನಿಘಂಟಿನ ೬೪೫ ಎಂಬ ಅಂಕಿಗೆ ಹೆದರುವುದನ್ನು ಬಿಟ್ಟಿರುತ್ತಾನೆ.